ಟೈಲರಕ್ಕನ ಹಲ್ಲಿನ ಬೇರು

ಇಪ್ಪತ್ತೆಂಟು ತುಂಬಿ, ಹೆಸರಿನ ಹಿಂದೆ ಡಾಕ್ಟರ್ ಎಂದು ಸೇರಿಕೊಂಡು ವರ್ಷಗಳಾಗಿದ್ದರೂ ಬೀದಿಯವರ ಬಾಯಲ್ಲಿ ಅವಳು ಪುಟ್ಟಿಯೇ. ದಂತ ಕಾಲೇಜಿನಲ್ಲಿ ಕ್ಲಿಪ್ ಹಾಕುವ ವಿಭಾಗದಲ್ಲಿ ಮೇಲಿನ ಪದವಿಗೆ ಓದುತ್ತಿದ್ದಳು. ಓರೆಕೋರೆಯಾಗಿ ಬೆಳೆದ ಹಲ್ಲುಗಳಿಗೆ ತಂತಿ ಕಟ್ಟಿ, ಒಂದೊಂದನ್ನೂ ಅದರದರ ಜಾಗಕ್ಕೆ ತಂದು ನಿಲ್ಲಿಸುವ ಕೆಲಸ ಅಲ್ಲಿಯದು. ಅವಳ ಅಮ್ಮನಿಗೆ ಈ ವಿಷಯವನ್ನು ದಿನಕ್ಕೊಬ್ಬರಿಗಾದರೂ ಹೇಳದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ.

ಅವರ ಮನೆ ಮೊದಲನೇ ಮಹಡಿಯಲ್ಲಿ. ಕೆಳಗಿನ ಅಂಗಡಿ ಟೈಲರಕ್ಕನದು. ಬೆಳಗಾಯಿತೆಂದರೆ ಅವಳ ಹೊಲಿಗೆ ಯಂತ್ರದ ಸದ್ದು ಮೆಟ್ಟಿಲು ಹತ್ತಿ ಬಂದು ಪುಟ್ಟಿಯ ಮಂಚವನ್ನು ಅಲುಗಿಸುತ್ತಿತ್ತು. ಅಪ್ಪ ಅಮ್ಮ ಇಬ್ಬರನ್ನೂ ಚಿಕ್ಕ ವಯಸ್ಸಿಗೇ ಕಳೆದುಕೊಂಡವಳು ಟೈಲರಕ್ಕ. ಇಬ್ಬರು ತಮ್ಮಂದಿರನ್ನು ಓದಿಸಿ, ಮದುವೆ ಮಾಡಿ, ಒಂದು ದಡ ಮುಟ್ಟಿಸುವ ಹೊತ್ತಿಗೆ ನಲವತ್ತರ ಹತ್ತಿರ ಬಂದಿದ್ದಳು. ನಾಲಿಗೆ ಚುರುಕು, ನಗು ಧಾರಾಳ. ಆದರೆ ಮುಂದಿನ ಹಲ್ಲುಗಳು ತುಟಿ ದಾಟಿ ಇಣುಕುತ್ತಿದ್ದವು. ನಗು ಬಂದ ಕೂಡಲೇ ಕೈಯಲ್ಲಿ ಏನಿದ್ದರೆ ಅದು ಬಾಯಿಗೆ ಅಡ್ಡ ಬರುತ್ತಿತ್ತು. ಅಳತೆ ಟೇಪು, ಅರ್ಧ ಹೊಲಿದ ತೋಳು, ಒಮ್ಮೊಮ್ಮೆ ಗಿರಾಕಿಯ ಕೈಯೇ.

ಪುಟ್ಟಿ ಬಿಡಲಿಲ್ಲ. "ಅಕ್ಕ, ಒಂದ್ಸಲ ನಮ್ಮ ಕಾಲೇಜಿಗೆ ಬನ್ನಿ. ನಾನೇ ನೋಡ್ತೀನಿ. ಕ್ಲಿಪ್ ಹಾಕಿದ್ರೆ ಸರಿ ಹೋಗುತ್ತೆ."

"ಈ ವಯಸ್ಸಲ್ಲಿ ಕ್ಲಿಪ್ಪಾ? ಬಟ್ಟೆ ಒಣಹಾಕೋವಾಗ ಹಾಕ್ತೀನಲ್ಲ, ಸಾಲ್ದಾ?"

"ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲಕ್ಕ. ಎಲ್ರಿಗೂ ಹೊಲಿದು ಕೊಟ್ರಿ, ನಿಮಗೆ ಅಂತ ಏನು ಮಾಡ್ಕೊಂಡ್ರಿ?"

ಆ ಮಾತು ನಾಟಿತು. ಮುಂದಿನ ವಾರವೇ ಟೈಲರಕ್ಕ ಅಂಗಡಿಗೆ ಬೀಗ ಹಾಕಿ, ಪುಟ್ಟಿಯ ಜೊತೆ ಬಸ್ಸು ಹತ್ತಿದಳು. ಹಲ್ಲುಗಳ ಎಕ್ಸ್‌ರೇ ತೆಗೆದದ್ದಾಯಿತು, ಅಚ್ಚು ತೆಗೆದದ್ದಾಯಿತು, ಇಕ್ಕೆಲದಲ್ಲೂ ಒಂದೊಂದು ಹಲ್ಲು ಕಿತ್ತು ಜಾಗ ಮಾಡಿದ್ದಾಯಿತು, ಕ್ಲಿಪ್ ಹಾಕಿದ್ದೂ ಆಯಿತು. ವಿಭಾಗದಲ್ಲಿ ಪುಟ್ಟಿಯ ಕೈಗೆ ಮೊದಲಿಂದ ಕೊನೆಯವರೆಗೂ ಎಂದು ಒಪ್ಪಿಸಿದ ಮೊದಲ ರೋಗಿ ಟೈಲರಕ್ಕನೇ.

ಅದೇ ಕಾಲಕ್ಕೆ ಪುಟ್ಟಿ ತನ್ನ ಪ್ರಬಂಧಕ್ಕೂ ವಿಷಯ ಆರಿಸಿಕೊಂಡಳು. ತಂತಿ ಎಳೆದಾಗ ಹಲ್ಲು ದವಡೆಯ ಮೂಳೆಯೊಳಗೆ ನಿಧಾನವಾಗಿ ಸರಿಯುತ್ತದೆ. ಹಾಗೆ ಸರಿಯುವಾಗ ಬೇರಿನ ತುದಿ ಕೆಲವೊಮ್ಮೆ ಕರಗಿ ಗಿಡ್ಡವಾಗುತ್ತದೆ. ಹೆಚ್ಚಿನವರಲ್ಲಿ ಅದು ಎಣಿಕೆಗೆ ಬಾರದಷ್ಟು. ಎಲ್ಲೋ ಕೆಲವರಲ್ಲಿ ಮಾತ್ರ ಬಹಳ. ನೋವಿಲ್ಲ, ಊತವಿಲ್ಲ, ಕನ್ನಡಿಗೂ ಕಾಣದು. ಎಕ್ಸ್‌ರೇಗೆ ಮಾತ್ರ ಗೊತ್ತು. ತಮ್ಮ ವಿಭಾಗದಲ್ಲಿ ಚಿಕಿತ್ಸೆ ಪಡೆದವರ ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಪಕ್ಕಪಕ್ಕ ಇಟ್ಟು, ಬೇರು ಎಷ್ಟು ಸವೆದಿದೆ ಎಂದು ಅಳೆಯುವುದು ಅವಳ ಕೆಲಸ.

ಎಕ್ಸ್‌ರೇ ಕೋಣೆಯ ಪಕ್ಕದಲ್ಲಿ ಕಿಟಕಿಯಿಲ್ಲದ ಒಂದು ಇಕ್ಕಟ್ಟು ಕೋಣೆ. ಒಂದು ಕಂಪ್ಯೂಟರು, ಒಂದು ಕಾಲು ಕುಂಟುವ ಕುರ್ಚಿ. ಪರದೆಯ ಮೇಲೆ ಬೂದು ಬಣ್ಣದ ಹಲ್ಲುಗಳು ಆಳೆತ್ತರವಾಗಿ ನಿಲ್ಲುತ್ತಿದ್ದವು. ಹಲ್ಲಿನ ಕಚ್ಚುವ ಅಂಚಿಗೊಂದು ಚುಕ್ಕೆ, ಒಸಡಿನಾಚೆ ಕಾಣುವ ಹೊರಭಾಗವೂ ಬೇರೂ ಕೂಡುವ ಗೆರೆಗೊಂದು ಚುಕ್ಕೆ, ಬೇರಿನ ತುದಿಗೊಂದು ಚುಕ್ಕೆ. ಮೌಸ್ ಹಿಡಿದ ಬೆರಳು ನಡುಗಿದರೆ ಅಳತೆಯೂ ನಡುಗುತ್ತಿತ್ತು.

ಮೊದಲ ಕಂತಿನ ಅಳತೆ ಮುಗಿದಾಗ ಪುಟ್ಟಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಒಬ್ಬ ರೋಗಿಯ ಬೇರು ಮೂರರಲ್ಲೊಂದು ಪಾಲು ಹೋಗಿಬಿಟ್ಟಿದೆ! ಇನ್ನೂ ಹಲವರದು ಹಾಗೆಯೇ! ವಿಭಾಗದ ಸಭೆಯಲ್ಲಿ ಎಲ್ಲರ ಮುಂದೆ ಚಿತ್ರಗಳನ್ನು ತೋರಿಸಿ, ಕಂಠ ಏರಿಸಿ ಮಾತಾಡಿದಳು.

ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕುಳ್ಳಗಿನ ಹೆಂಗಸು, ಮೆಲುದನಿ. ಬೈಯುವ ಅಭ್ಯಾಸವೇ ಇಲ್ಲ, ಪ್ರಶ್ನೆ ಕೇಳುತ್ತಿದ್ದರು. ಬೈದರೇ ಎಷ್ಟೋ ಮೇಲು ಎಂದು ವಿದ್ಯಾರ್ಥಿಗಳು ಹಲುಬುವಂಥ ಪ್ರಶ್ನೆಗಳು.

"ಬೇರು ಅಳೆದಿದ್ದೀಯ. ಇದೇ ಹಲ್ಲಿನ ಹೊರಭಾಗ ಅಳೆ ನೋಡೋಣ, ಎರಡೂ ಎಕ್ಸ್‌ರೇಯಲ್ಲಿ."

ಪುಟ್ಟಿ ಅಲ್ಲೇ ನಿಂತು ಅಳೆದಳು. ಹೊಸ ಎಕ್ಸ್‌ರೇಯಲ್ಲಿ ಹೊರಭಾಗವೂ ಗಿಡ್ಡವಾಗಿತ್ತು. ಬೇರಿನಷ್ಟೇ ಪಾಲು.

"ಹೊರಭಾಗವೂ ಕರಗಿತಾ? ತಂತಿ ತಿಂದುಬಿಡ್ತಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪುಟ್ಟಿಯ ಕಿವಿಗಳು ಕಾದವು. ಹೊರಭಾಗ ಕರಗುವುದಿಲ್ಲ. ಎಕ್ಸ್‌ರೇ ತೆಗೆಯುವಾಗ ಯಂತ್ರದ ಕೊಳವೆ ಓರೆಯಾಗಿತ್ತು, ಅಷ್ಟೇ. ಇಡೀ ಹಲ್ಲು ಗಿಡ್ಡವಾಗಿ ಬಿದ್ದಿತ್ತು. ನಡುಮಧ್ಯಾಹ್ನದ ಬಿಸಿಲಲ್ಲಿ ಮನುಷ್ಯನ ನೆರಳು ಬೀಳುವ ಹಾಗೆ.

ಸಭೆ ಮುಗಿದ ಮೇಲೆ ಮೇಡಂ ಅವಳನ್ನು ಕರೆದರು. "ಹೊರಭಾಗ ಬದಲಾಗಲ್ಲ ಅಲ್ವಾ? ಹಾಗಾದ್ರೆ ಅದನ್ನೇ ಅಳತೆಗೋಲು ಮಾಡ್ಕೋ. ಹಳೇ ಚಿತ್ರದಲ್ಲಿ ಹೊರಭಾಗ ಎಷ್ಟಿದೆ, ಹೊಸದರಲ್ಲಿ ಎಷ್ಟಿದೆ, ಆ ಲೆಕ್ಕದಲ್ಲಿ ಬೇರನ್ನ ಸರಿಪಡಿಸು. ಮತ್ತೆ ಇನ್ನೊಂದು. ಯಾರ ಎಕ್ಸ್‌ರೇ ಅಂತ ನಿನಗೆ ಗೊತ್ತಿರಬಾರದು. ಗೊತ್ತಿದ್ರೆ ಕಣ್ಣು ತನಗೆ ಬೇಕಾದ ಕಡೆ ಚುಕ್ಕೆ ಇಡುತ್ತೆ."

ಪುಟ್ಟಿ ಎಲ್ಲವನ್ನೂ ಮೊದಲಿಂದ ಶುರು ಮಾಡಿದಳು. ಜೊತೆಗೆ ಓದುತ್ತಿದ್ದ ಗೆಳತಿ ಪ್ರತಿ ಚಿತ್ರದ ಹೆಸರನ್ನು ಮುಚ್ಚಿ, ಅದರ ಮೇಲೆ ಒಂದು ಅಂಕಿ ಹಾಕಿ, ಎಲ್ಲವನ್ನೂ ಕಲಸಿ ಕೊಟ್ಟಳು. ಚಿಕಿತ್ಸೆ ಮುಗಿದವರ ಜೊತೆಗೆ, ನಡುವಲ್ಲಿ ಇರುವವರ ಎಕ್ಸ್‌ರೇಗಳೂ ಅದರಲ್ಲಿ ಸೇರಿದವು. ಒಂದು ಸುತ್ತು ಅಳೆದು, ಕೆಲವು ವಾರ ಬಿಟ್ಟು ಅದನ್ನೇ ಇನ್ನೊಂದು ಸುತ್ತು ಅಳೆದಳು. ಎರಡು ಸುತ್ತೂ ಹೊಂದಿದರೆ ಮಾತ್ರ ಆ ಅಳತೆಯನ್ನು ನಂಬುವುದು ಎಂದು ಪಟ್ಟು ಹಿಡಿದಳು. ಅವಳ ಕುತ್ತಿಗೆ ಹಿಡಿದುಕೊಂಡಿತು. ಅಮ್ಮ ಎಣ್ಣೆ ತಿಕ್ಕುತ್ತಾ, "ಹಲ್ಲಿನ ಡಾಕ್ಟರಾದ್ರೆ ಕುತ್ತಿಗೆ ಯಾಕೆ ನೋಯುತ್ತೆ?" ಎಂದು ಗೊಣಗಿದಳು.

ಈ ಸಲ ಗಾಬರಿ ಹುಟ್ಟಿಸುವಂಥ ಅಂಕಿಗಳು ಬಹುಪಾಲು ಕರಗಿ ಹೋದವು. ಸಭೆಯಲ್ಲಿ ಅವಳು ಯಾರ ಬಗ್ಗೆ ಬೊಬ್ಬೆ ಹೊಡೆದಿದ್ದಳೋ ಆ ರೋಗಿಯ ಬೇರು ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಉಳಿದವರಲ್ಲೂ ಒಂದಿಷ್ಟೇ ಸವೆತ. ಆದರೆ ಒಂದು ಅಂಕಿ ಮಾತ್ರ ಎಷ್ಟು ಸರಿಪಡಿಸಿದರೂ ಸರಿಯಾಗಲಿಲ್ಲ. ಮೇಲಿನ ಎರಡು ಮುಂಬಲ್ಲುಗಳು. ಎರಡರ ಬೇರುಗಳಲ್ಲೂ ಸುಮಾರು ನಾಲ್ಕನೇ ಒಂದು ಪಾಲು ಇಲ್ಲ. ತುದಿ ಮೊನಚಾಗಿರಬೇಕಿತ್ತು, ಬಳಸಿ ಬಳಸಿ ಮೊಂಡಾದ ಪೆನ್ಸಿಲಿನಂತಿತ್ತು.

ಗೆಳತಿ ಚಿತ್ರದ ಮೇಲೆ ಹಾಕಿದ್ದ ಅಂಕಿ ನೋಡಿ ಹೆಸರು ಹುಡುಕಿದಳು. ಹುಡುಕಿ, ಪರದೆಯನ್ನು ಪುಟ್ಟಿಯ ಕಡೆ ತಿರುಗಿಸಿದಳು.

ಟೈಲರಕ್ಕ.

ಪುಟ್ಟಿ ಆ ಕುಂಟು ಕುರ್ಚಿಯನ್ನು ಪರದೆಗೆ ಇನ್ನೂ ಹತ್ತಿರ ಎಳೆದುಕೊಂಡಳು. ಮೂರನೇ ಸಲ ಅಳೆದಳು. ಆಮೇಲೆ ಎದ್ದು ಮೇಡಂ ಕೋಣೆಗೆ ಹೋದಳು. ತನ್ನ ಅಳತೆ ಹೇಳದೆ, ಚಿತ್ರಗಳನ್ನಷ್ಟೇ ಮುಂದಿಟ್ಟಳು. ಮೇಡಂ ಕನ್ನಡಕ ಏರಿಸಿ ತಾವೇ ಚುಕ್ಕೆಗಳನ್ನಿಟ್ಟರು. ಬಂದ ಲೆಕ್ಕ ಪುಟ್ಟಿಯ ಲೆಕ್ಕಕ್ಕೆ ಕೂದಲೆಳೆಯಷ್ಟೇ ದೂರದಲ್ಲಿತ್ತು.

"ನಿನ್ನ ರೋಗಿನೇ?"

"ಹೌದು ಮೇಡಂ. ನಮ್ಮನೆ ಕೆಳಗಿನವರು. ಬೇಡ ಬೇಡ ಅಂದ್ರೂ ನಾನೇ ಕರ್ಕೊಂಡು ಬಂದೆ."

ಮೇಡಂ ಚಿಕಿತ್ಸೆಯ ವಿವರಗಳನ್ನೆಲ್ಲ ತಿರುವಿ ನೋಡಿದರು. ಹಾಕಿದ ತಂತಿ, ಎಳೆದ ಬಲ, ಎಲ್ಲವೂ ಹಗುರವಾಗಿಯೇ ಇತ್ತು. "ಇಲ್ಲಿವರೆಗೆ ಯಾರ ತಪ್ಪೂ ಇಲ್ಲ. ಕೆಲವರ ಬೇರೇ ಹಾಗೆ, ಮೊದಲೇ ಹೇಳೋಕಾಗಲ್ಲ. ಆದ್ರೆ ಗೊತ್ತಾದ ಮೇಲೂ ಎಳೆದ್ರೆ ಅದು ತಪ್ಪು. ತಂತಿ ಸಡಿಲ ಮಾಡು, ಕೆಲವು ತಿಂಗಳು ಮುಟ್ಟಬೇಡ. ಅವರಿಗೆ ನೀನೇ ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

ಸಂಜೆ ಅವಳು ಮೆಟ್ಟಿಲು ಹತ್ತದೆ ನೇರ ಅಂಗಡಿಯೊಳಕ್ಕೆ ಹೋದಳು. ಟೈಲರಕ್ಕ ಯಾರದೋ ಮಗುವಿನ ಶಾಲೆ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಕ್ಲಿಪ್ ಹಾಕಿ ವರ್ಷ ದಾಟಿತ್ತು; ಹಲ್ಲುಗಳು ತುಟಿಯೊಳಗೆ ಬಂದಿದ್ದವು. ಹೆಂಗಸರೆಲ್ಲ ನೋಡಿ ನೋಡಿ ಹೊಗಳಲು ಶುರು ಮಾಡಿದ್ದರು. ಪುಟ್ಟಿ ಸ್ಟೂಲು ಎಳೆದು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತನ್ನ ಫೋನಿನಲ್ಲಿ ಎರಡೂ ಚಿತ್ರಗಳನ್ನು ತೋರಿಸಿದಳು.

ಟೈಲರಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಹಲ್ಲು ಬಿದ್ದು ಹೋಗುತ್ತಾ?"

"ಇಲ್ಲ ಅಕ್ಕ. ಎಳೆಯೋದು ನಿಲ್ಲಿಸಿದ್ರೆ ಕರಗೋದೂ ಸಾಮಾನ್ಯವಾಗಿ ನಿಲ್ಲುತ್ತೆ. ಉಳಿದಿರೋ ಬೇರು ಸಾಕು."

"ನಿಲ್ಲಿಸದೇ ಹೋಗಿದ್ರೆ?"

"ಮುಂದೆ ಯಾವಾಗ್ಲೋ ಅಲುಗಾಡೋಕೆ ಶುರುವಾಗಬಹುದಿತ್ತು."

"ಹೋಗಿರೋದು ವಾಪಸ್ ಬೆಳೆಯುತ್ತಾ?"

"ಇಲ್ಲ."

ಟೈಲರಕ್ಕ ಫೋನನ್ನು ಪುಟ್ಟಿಯ ಕಡೆ ಸರಿಸಿದಳು. ಆಮೇಲೆ ಸೂಜಿ ತೆಗೆದುಕೊಂಡಳು. "ಸರಿ, ನೀನು ಮೇಲೆ ಹೋಗು. ನಂಗೆ ಕೆಲಸ ಇದೆ."

ಯಂತ್ರ ಅಂದು ಹೊತ್ತಿಗೆ ಮುಂಚೆಯೇ ನಿಂತಿತು. ಮೇಲೆ, ಅಮ್ಮ ಎಲ್ಲ ಕೇಳಿಸಿಕೊಂಡು ತಲೆ ಮೇಲೆ ಕೈ ಹೊತ್ತಳು. "ಹೇಳಲೇಬೇಕಿತ್ತಾ? ಸುಮ್ಮನೆ ಕ್ಲಿಪ್ ತೆಗೆದು, ಆಯ್ತು, ಚೆನ್ನಾಗಾಯ್ತು ಅಂದಿದ್ರೆ ಅವಳಿಗೇನು ಗೊತ್ತಾಗ್ತಿತ್ತು? ನಾಳೆಯಿಂದ ನಾನು ಯಾವ ಮುಖ ಇಟ್ಕೊಂಡು ಆ ಅಂಗಡಿ ಮುಂದೆ ಓಡಾಡ್ಲಿ?"

"ಅವರ ಹಲ್ಲಮ್ಮ ಅದು. ಅವರಿಗೆ ಗೊತ್ತಿಲ್ಲದೆ ನನಗೆ ಗೊತ್ತಿದ್ರೆ ಹೇಗೆ?"

ಅಡುಗೆಮನೆಯಿಂದ ಪಾತ್ರೆಗಳು ಉತ್ತರ ಕೊಟ್ಟವು. ಅದಾದ ಮೇಲೆ ಎಷ್ಟೋ ದಿನ ಅಮ್ಮ ಹಿಂದಿನ ಓಣಿಯಿಂದ ಸುತ್ತು ಹಾಕಿ ದಿನಸಿ ಅಂಗಡಿಗೆ ಹೋಗಿ ಬಂದಳು. ಟೈಲರಕ್ಕ ಪುಟ್ಟಿಯನ್ನು ಕಂಡರೆ ತಲೆಯಾಡಿಸುತ್ತಿದ್ದಳು, ಮಾತಿಲ್ಲ. ಕ್ಲಿಪ್ಪಿನ ಸರದಿಯ ದಿನ ಬರುತ್ತಾಳೋ ಇಲ್ಲವೋ ಎಂದು ಪುಟ್ಟಿ ಬೆಳಗಿನಿಂದ ಬಾಗಿಲ ಕಡೆ ಕಣ್ಣಿಟ್ಟಿದ್ದಳು. ಬಂದಳು. ಕುರ್ಚಿಯಲ್ಲಿ ಒರಗಿ, ಮುಖದ ಮೇಲೆ ದೀಪ ಬಿದ್ದಾಗ ಹೇಳಿದಳು:

"ನಂಗಿನ್ನೂ ಕೋಪ ಇದೆ. ನಿನ್ನ ಮೇಲಾ, ನನ್ನ ಹಣೆಬರಹದ ಮೇಲಾ ಗೊತ್ತಿಲ್ಲ. ಆದ್ರೆ ಬಾಯಿ ತೆಗೀತೀನಿ. ನೋಡು ಅದೇನು ನೋಡ್ಬೇಕೋ."

ಪುಟ್ಟಿ ಎಳೆಯುವ ರಬ್ಬರುಗಳನ್ನೆಲ್ಲ ಬಿಚ್ಚಿ, ಹಲ್ಲುಗಳನ್ನು ಇದ್ದಲ್ಲೇ ಹಿಡಿದಿಡುವ ಮೆತ್ತನೆಯ ತಂತಿ ಹಾಕಿದಳು. ಆಮೇಲೆ ಕಾಯುವ ಕಾಲ. ಬೇಸಗೆ ಬಂದು ಹೋಯಿತು, ಶಾಲೆಗಳು ಶುರುವಾಗಿ ಟೈಲರಕ್ಕನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದಂತಾಯಿತು. ಆ ಗಡಿಬಿಡಿಯಲ್ಲೇ ಕೋಪವೂ ಎಲ್ಲೋ ಜಾರಿ ಹೋಗಿರಬೇಕು. ಒಂದು ದಿನ ಮೆಟ್ಟಿಲ ಕೆಳಗಿನಿಂದಲೇ ಕೂಗಿದಳು: "ಡಾಕ್ಟ್ರೇ, ನಿಮ್ಮ ಬಿಳಿ ಕೋಟಿನ ಜೇಬು ಹರಿದಿದೆ. ಹಾಗೇ ತಿರುಗಾಡಿ ನನ್ನ ಮಾನ ಕಳೀಬೇಡಿ, ಕೊಡಿ ಇಲ್ಲಿ!" ಪುಟ್ಟಿ ಕೋಟು ಬಿಚ್ಚಿ ಮೇಲಿನಿಂದಲೇ ಎಸೆದಳು.

ಮತ್ತೆ ಎಕ್ಸ್‌ರೇ ತೆಗೆದಾಗ ಪುಟ್ಟಿ ಕೊಳವೆಯ ಓರೆಯನ್ನು ತಾನೇ ನೋಡಿ ಸರಿಮಾಡಿದಳು. ಅಳೆದಳು. ಹೊರಭಾಗದ ಲೆಕ್ಕ ಹಾಕಿ ಸರಿಪಡಿಸಿದಳು. ಬೇರು ಕಳೆದ ಸಲ ಎಲ್ಲಿತ್ತೋ ಅಲ್ಲೇ ಇತ್ತು. ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಅವಳೊಬ್ಬಳೇ ಜೋರಾಗಿ "ನಿಂತ್ಕೊಂಡಿದೆ!" ಎಂದಳು. ಪಕ್ಕದ ಕೋಣೆಯಿಂದ ಯಾರೋ "ಏನು, ಕರೆಂಟಾ?" ಎಂದು ಕೇಳಿದರು.

ಈಗ ಪ್ರಶ್ನೆ ಬೇರೆ. ಕಿತ್ತ ಹಲ್ಲಿನ ಜಾಗ ಪೂರ್ತಿ ಮುಚ್ಚಿರಲಿಲ್ಲ. ಕೋರೆಹಲ್ಲಿನ ಹಿಂದೆ, ಎರಡೂ ಕಡೆ, ಉಗುರಿನ ಅಂಚು ತೂರುವಷ್ಟು ಸಂದು ಉಳಿದಿತ್ತು. ಇನ್ನೂ ಹಗುರವಾಗಿ ಎಳೆದರೆ ಮುಚ್ಚಬಹುದು. ಬೇರು ಮತ್ತೆ ಕರಗಲೂಬಹುದು. ಇಲ್ಲಿಗೇ ಸಾಕೆಂದು ಕ್ಲಿಪ್ ತೆಗೆದು, ಹಲ್ಲು ಹಿಂದಕ್ಕೆ ಸರಿಯದಂತೆ ಒಳಬದಿಗೆ ಸಣ್ಣ ತಂತಿ ಅಂಟಿಸಬಹುದು. ಪುಟ್ಟಿ ಎರಡೂ ದಾರಿಗಳನ್ನು ಬಿಡಿಸಿ ಹೇಳಿದಳು.

"ನೀನಾಗಿದ್ರೆ ಏನು ಮಾಡ್ತಿದ್ದೆ?" ಎಂದು ಟೈಲರಕ್ಕ ಕೇಳಿದಳು.

"ಇಲ್ಲಿಗೇ ಬಿಡ್ತಿದ್ದೆ."

"ಹಾಗಾದ್ರೆ ಬಿಚ್ಚು. ಕೋರೆಹಲ್ಲಿನ ಹಿಂದೆ ಇಣುಕಿ ನೋಡೋಕೆ ಯಾರು ಬರ್ತಾರೆ?"

ಕ್ಲಿಪ್ ತೆಗೆದ ದಿನ ಕನ್ನಡಿ ಕೈಗೆ ಕೊಟ್ಟಾಗ ಟೈಲರಕ್ಕ ಅದನ್ನು ಮುಖದ ಹತ್ತಿರ ತಂದಳು. ನಾಲಿಗೆಯಿಂದ ಹಲ್ಲುಗಳನ್ನು ಸವರಿ ಸವರಿ ನೋಡಿದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ದೀಪದ ಮೇಲೆ ತಪ್ಪು ಹೊರಿಸಿದಳು.

ಕೊನೆಯ ಪರೀಕ್ಷೆ ಹತ್ತಿರ ಬಂತು. ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಪ್ರತಿ ವಿದ್ಯಾರ್ಥಿಯೂ ತಾನು ಚಿಕಿತ್ಸೆ ಮುಗಿಸಿದ ರೋಗಿಯನ್ನು ಕರೆತಂದು ತೋರಿಸಬೇಕು. ಹಲ್ಲುಗಳು ಮುತ್ತು ಪೋಣಿಸಿದಂತಿರಬೇಕು, ಸಂದುಗೊಂದು ಇರಬಾರದು. ಪುಟ್ಟಿಯ ಕೈಯಲ್ಲಿ ಅಂಥ ಬೇರೆ ರೋಗಿಯೂ ಇದ್ದಳು. ಹಿಂದಿನ ವರ್ಷ ಪಾಸಾಗಿದ್ದ ಹಿರಿಯನೊಬ್ಬ ಕಿವಿಮಾತು ಹೇಳಿದ: "ಟೈಲರ್ ಕೇಸ್ ಪ್ರಬಂಧದಲ್ಲಿರಲಿ. ಪರೀಕ್ಷೆಗೆ ಆ ಕಾಲೇಜು ಹುಡುಗಿನ ತಗೊಂಡು ಹೋಗು. ಸುಮ್ಮನೆ ಯಾಕೆ ಗುಂಡಿ ತೋಡ್ಕೋತೀಯ?"

ಪುಟ್ಟಿ ಎರಡು ದಿನ ಯೋಚಿಸಿದಳು. ಆಮೇಲೆ ಮೇಡಂ ಕೇಳಿದಾಗ ಹೇಳಿದಳು, "ಟೈಲರಕ್ಕನ್ನೇ ಕರ್ಕೊಂಡು ಬರ್ತೀನಿ ಮೇಡಂ. ನಾನು ಕಲಿತಿದ್ದೆಲ್ಲ ಆ ಬಾಯಲ್ಲೇ ಇದೆ."

ಮೇಡಂ ಪ್ರಶ್ನೆ ಕೇಳಲಿಲ್ಲ. ಅದೇ ಒಂದು ದೊಡ್ಡ ವಿಷಯ.

ಪರೀಕ್ಷೆಯ ದಿನ ಟೈಲರಕ್ಕ ತಾನೇ ಹೊಲಿದ ಹೊಸ ಉಡುಪು ತೊಟ್ಟು, ಕೂದಲು ಬಿಗಿಯಾಗಿ ಹಿಂದಕ್ಕೆ ಬಾಚಿ, ಪರೀಕ್ಷೆ ತನಗೇ ಎಂಬಂತೆ ಗಂಭೀರವಾಗಿ ಬಂದಳು. ಪರೀಕ್ಷಕರು ತಲೆ ನರೆತ ದೊಡ್ಡ ಆಳು. ಕನ್ನಡಿ ಹಿಡಿದು ಬಾಯೊಳಗೆ ನೋಡಿದವರು ಹುಬ್ಬು ಗಂಟಿಕ್ಕಿದರು.

"ಡಾಕ್ಟರ್, ಇಲ್ಲಿ ಗ್ಯಾಪ್ ಇದೆ. ಎರಡೂ ಕಡೆ. ಇದನ್ನ ಮುಗಿದ ಕೇಸ್ ಅಂತ ತಂದಿದ್ದೀರಲ್ಲ?"

"ಹೌದು ಸರ್, ಮುಗಿದಿದೆ." ಪುಟ್ಟಿ ಎಕ್ಸ್‌ರೇಗಳನ್ನು ದೀಪದ ಹಲಗೆಯ ಮೇಲೆ ಜೋಡಿಸಿದಳು. "ಇದು ಮೊದಲಿನದು. ಇದು ನಡುವಿನದು. ಇದು ಎಳೆಯೋದು ನಿಲ್ಲಿಸಿ ಆರು ತಿಂಗಳಾದ ಮೇಲಿನದು. ಇಷ್ಟು ಬೇರಿನ ಮೇಲೆ ಇನ್ನೂ ಹಲ್ಲು ಎಳೆಯೋದು ನನಗೆ ಸರಿ ಅನ್ನಿಸ್ಲಿಲ್ಲ."

"ಚಿತ್ರ ಓರೆಯಾಗಿ ಬಂದಿಲ್ಲ ಅನ್ನೋಕೆ ಏನು ಆಧಾರ?"

ಈ ಪ್ರಶ್ನೆಗೆ ಅವಳು ಒಮ್ಮೆ ನಾಚಿಕೆಯಿಂದ ಬೆಂದು ಹೋಗಿದ್ದಳು. ಈಗ ಉಸಿರು ಕೂಡ ತಪ್ಪಲಿಲ್ಲ. ಹೊರಭಾಗದ ಅಳತೆ, ಅದರಿಂದ ಸರಿಪಡಿಸಿದ ಬೇರಿನ ಅಳತೆ, ತಾನೇ ಎರಡು ಸಲ ಅಳೆದಾಗ ಬಂದ ವ್ಯತ್ಯಾಸ, ಬೇರೊಬ್ಬರು ಅಳೆದಾಗ ಬಂದದ್ದು, ಎಲ್ಲವನ್ನೂ ಒಂದೊಂದಾಗಿ ಮುಂದಿಟ್ಟಳು. ಪರೀಕ್ಷಕರು ಅಡಿಗೋಲು ತರಿಸಿ ತಾವೇ ಒಮ್ಮೆ ಅಳೆದರು. ಇನ್ನೊಮ್ಮೆ ಅಳೆದರು. "ಹೂಂ" ಎಂದರು. ಆಮೇಲೆ ಟೈಲರಕ್ಕನ ಕಡೆ ತಿರುಗಿದರು.

"ಅಮ್ಮಾ, ಸಂದು ಉಳಿದುಬಿಡ್ತಲ್ಲ, ನಿಮಗೆ ಬೇಜಾರಿಲ್ವಾ?"

ಟೈಲರಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಸಾರ್, ಇವಳು ಬಾಯಿ ಮುಚ್ಚಿಕೊಂಡು ಎಳೀತಾ ಹೋಗಿದ್ರೆ ನಂಗೇನೂ ಗೊತ್ತಾಗ್ತಿರಲಿಲ್ಲ. ನೋಡಿದೋರೆಲ್ಲ ಚೆನ್ನಾಗಿದೆ ಅಂತಿದ್ರು, ನಾನೂ ಹಿಗ್ಗಿಕೊಂಡು ಓಡಾಡ್ತಿದ್ದೆ. ನಮ್ಮ ಬೀದಿಯಲ್ಲೇ ಬೆಳೆದ ಹುಡುಗಿ, ನನ್ನ ಅಂಗಡಿಗೆ ಬಂದು, ಸ್ಟೂಲ್ ಮೇಲೆ ಕೂತು, ಅಕ್ಕ ಹೀಗಾಗಿದೆ ಅಂದ್ಲು. ಅವತ್ತು ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಈಗ ಇವಳು ನಮ್ಮವಳು ಅಂತ ಹೇಳ್ಕೊಳ್ಳೋಕೆ ಹೆಮ್ಮೆ ಆಗುತ್ತೆ. ಅದನ್ನ ಹೇಳೋಕೇ ಇವತ್ತು ಅಂಗಡಿ ಮುಚ್ಚಿ ಬಂದಿದ್ದೀನಿ."

ಪುಟ್ಟಿ ಎಕ್ಸ್‌ರೇಗಳನ್ನು ಜೋಡಿಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು.

ಸಂಜೆ ಪುಟ್ಟಿ ಪಾಸಾದಳೆಂದು ಫಲಿತಾಂಶ ಹೇಳಿದ ಮೇಲೆ ಪಡಸಾಲೆಯಲ್ಲಿ ಮೇಡಂ ಅವಳನ್ನು ತಡೆದು, ಪಕ್ಕದಲ್ಲಿದ್ದ ಪರೀಕ್ಷಕರಿಗೆ, "ಇವಳು ನನ್ನ ವಿದ್ಯಾರ್ಥಿನಿ" ಎಂದರು. ಅವರಿಗೆ ಅದು ಗೊತ್ತೇ ಇತ್ತು, ಬೆಳಗಿನಿಂದ ಪಟ್ಟಿಯಲ್ಲಿ ನೋಡಿದ್ದರು. ಆದರೂ ಮೇಡಂ ಹೇಳಿದರು. ಆ ವಾರವೇ ವಿಭಾಗದಲ್ಲಿ ಹೊಸ ಕಟ್ಟಳೆ ಬಂತು: ಕ್ಲಿಪ್ ಹಾಕಿದ ಪ್ರತಿಯೊಬ್ಬರ ಮುಂಬಲ್ಲುಗಳ ಬೇರನ್ನೂ ಚಿಕಿತ್ಸೆಯ ನಡುವೆ ಒಮ್ಮೆ ನೋಡಲೇಬೇಕು, ಅಳೆಯುವ ರೀತಿ ಪುಟ್ಟಿಯದು.

ಟೈಲರಕ್ಕ ತನಗೂ ಪ್ರತಿ ಬೇಕೆಂದು ಹಟ ಹಿಡಿದು ಆ ಮೂರೂ ಎಕ್ಸ್‌ರೇಗಳನ್ನು ಫಿಲ್ಮಿನಲ್ಲಿ ತೆಗೆಸಿಕೊಂಡಳು. ಅಂಗಡಿಯ ಗಾಜಿಗೆ, ರವಿಕೆಯ ಕತ್ತಿನ ನಮೂನೆಗಳ ಚಿತ್ರದ ಪಕ್ಕದಲ್ಲಿ, ಬೆಳಕು ಹಾಯುವ ಕಡೆ ಅಂಟಿಸಿದಳು. ಅಳತೆ ಕೊಡಲು ಬಂದವರು "ಇದೇನು?" ಎಂದು ಕೇಳದೆ ಹೋಗುತ್ತಿರಲಿಲ್ಲ. ಒಂದು ಬೆಳಗ್ಗೆ ಪುಟ್ಟಿ ಕೆಲಸಕ್ಕೆ ಹೊರಟು ಮೆಟ್ಟಿಲಿಳಿಯುತ್ತಿದ್ದಾಗ, ಒಳಗೆ ಒಬ್ಬ ತಾಯಿ ಕ್ಲಿಪ್ ಹಾಕಿದ ಮಗಳನ್ನು ಕರೆದುಕೊಂಡು ನಿಂತಿದ್ದಳು. ಟೈಲರಕ್ಕ ಸೀಮೆಸುಣ್ಣದ ತುದಿಯಿಂದ ಗಾಜಿನ ಮೇಲೆ ತೋರಿಸುತ್ತಿದ್ದಳು.

"ಇಲ್ನೋಡಿ, ಇದು ನನ್ನ ಬೇರು. ಇಲ್ಲಿವರೆಗೆ ಇತ್ತು, ಇಲ್ಲಿಗೆ ಬಂತು, ಇಲ್ಲೇ ನಿಂತ್ಕೊಂಡ್ತು. ಹೆದರಬೇಡಿ, ಎಲ್ರಿಗೂ ಹೀಗಾಗಲ್ಲ. ಆದ್ರೆ ಮಗಳ ಡಾಕ್ಟ್ರನ್ನ ಒಂದು ಮಾತು ಕೇಳಿ, ನಡುವಲ್ಲಿ ಬೇರು ನೋಡಿದ್ದೀರಾ ಅಂತ. ನಮ್ಮವಳಾದ್ರೆ ಕೇಳದೇ ನೋಡ್ತಾಳೆ."

ಪುಟ್ಟಿ ಒಳಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಅಷ್ಟರಲ್ಲಿ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಕಾಯುತ್ತಾ ನಿಲ್ದಾಣದಲ್ಲಿ ಅವಳು ಒಬ್ಬಳೇ ನಗುತ್ತಿದ್ದಳೆಂದು ಆಮೇಲೆ ಯಾರೋ ಅಮ್ಮನಿಗೆ ಹೇಳಿದರು.